ದೀಪವೇನೋ ಹತ್ತಿತು, ಕೆಟ್ಟರೆ ಯಾರು ಬರ್ತಾರೆ?

ಸುಮಾರು 12 ಕಿಲೋ ಮರಳಿನ ಚೀಲವನ್ನು ಎತ್ತಿ ನೇತುಹಾಕಿದರೆ, ಅದು ಮೆಲ್ಲಗೆ ಇಳಿಯುತ್ತಾ ದೀಪ ಉರಿಸುತ್ತದೆ. 2012ರಲ್ಲಿ ಲಂಡನ್‌ನಿಂದ ಬಂದ ‘ಗ್ರಾವಿಟಿಲೈಟ್’ ವಿಡಿಯೋವನ್ನು ನಿಮಗೂ ಯಾರಾದರೂ ಕಳಿಸಿರಬಹುದು. ಬ್ಯಾಟರಿ ಬೇಡ, ಸೀಮೆಎಣ್ಣೆ ಬೇಡ. ಜನ ಇಂಟರ್ನೆಟ್‌ನಲ್ಲೇ ಸುಮಾರು 4 ಲಕ್ಷ ಡಾಲರ್ ಕೊಟ್ಟರು. ನಾನೂ ಬೆರಗಾಗಿದ್ದೆ.

ಈಗ ಸ್ವಲ್ಪ ಲೆಕ್ಕ ಹಾಕೋಣ, ಹೈಸ್ಕೂಲ್ ವಿಜ್ಞಾನ ಸಾಕು. 12 ಕಿಲೋ, 1.8 ಮೀಟರ್ ಎತ್ತರ: ಸಿಗುವುದು ಸುಮಾರು 212 ಜೂಲ್. 20 ನಿಮಿಷಕ್ಕೆ ಹಂಚಿದರೆ 0.18 ವ್ಯಾಟ್, ಅದೂ ಗೇರಿನಲ್ಲಿ ಏನೂ ಸೋರದಿದ್ದರೆ. ಮನೆಯ ಮಾಮೂಲಿ ಎಲ್‌ಇಡಿ ಬಲ್ಬು 9 ವ್ಯಾಟ್, ಇದರ ಐವತ್ತು ಪಟ್ಟು. 4000 ಎಂಎಎಚ್ ಮೊಬೈಲ್ ಒಮ್ಮೆ ಚಾರ್ಜ್ ಆಗಲು ಚೀಲವನ್ನು 250ಕ್ಕೂ ಹೆಚ್ಚು ಸಲ ಎತ್ತಬೇಕು! ದಿನವಿಡೀ ನೀರು ಹೊತ್ತು, ಗದ್ದೆಯಲ್ಲಿ ದುಡಿದು ಬಂದ ಹೆಂಗಸಿಗೆ ರಾತ್ರಿ ಇಪ್ಪತ್ತು ನಿಮಿಷಕ್ಕೊಮ್ಮೆ ಚೀಲ ಎತ್ತು ಅನ್ನೋದು ಯಾವ ನ್ಯಾಯ?

ಹಾಗಂತ ಅದು ಮೋಸ ಅಲ್ಲ. ಪುಸ್ತಕದ ಮೇಲೆ ಅಷ್ಟು ಬೆಳಕು ಬೀಳುತ್ತೆ, ಹೊಗೆಯಿಲ್ಲ. ನನ್ನ ತಕರಾರು ಅದನ್ನು ಮೆಚ್ಚಿದ ನಮ್ಮ ಮೇಲೆ. ಉಪಾಯಕ್ಕೆ ಅಂಕ ಕೊಟ್ಟೆವು, ಅದು ಹೋಗಿ ಸೇರುವ ಮನೆಯನ್ನು ನೋಡಲಿಲ್ಲ.

ನಾನೀಗ ಇರುವ ನಜ್ರಾನ್‌ಗೆ ಯೆಮೆನ್ ಗಡಿ ಹತ್ತಿರ. 2015ರ ಯುದ್ಧದ ನಂತರ ಅಲ್ಲಿ ಕರೆಂಟು ಕೈಕೊಟ್ಟಾಗ ಜನ ಮಾಡಿದ್ದೇನು? ಅಂಗಡಿಯಿಂದ ಸೋಲಾರ್ ಪ್ಯಾನೆಲ್, ಬ್ಯಾಟರಿ ತಂದು ಮನೆಗೆ ಹಾಕಿಕೊಂಡರು. ಹೊಸದೇನಿಲ್ಲ, ಆದರೆ ಬೆಳಕು ಬಂತು. ಸಮಸ್ಯೆ ಶುರುವಾಗುವುದು ಬ್ಯಾಟರಿ ಸತ್ತ ದಿನ.

ಆ ದಿನದ ಬಗ್ಗೆ ಮೊದಲೇ ಯೋಚಿಸಿದವರು ನಮ್ಮಲ್ಲೇ ಇದ್ದಾರೆ. 1995ರಲ್ಲಿ ಹರೀಶ್ ಹಂದೆ, ನೆವಿಲ್ ವಿಲಿಯಮ್ಸ್ ಜೊತೆ ಕರ್ನಾಟಕದಲ್ಲಿ ಸೆಲ್ಕೋ ಶುರು ಮಾಡಿದರು. ಅವರ ದೀಪ ಸಾಧಾರಣ ಸೋಲಾರ್ ದೀಪವೇ. ಜಾಣತನ ಇದ್ದದ್ದು ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ಸಾಲ ಕೊಡಿಸಿದ್ದರಲ್ಲಿ, ರಿಪೇರಿಗೆ ಬರುವವರು ಹತ್ತಿರದಲ್ಲೇ ಸಿಗುವಂತೆ ಶಾಖೆ ತೆರೆದದ್ದರಲ್ಲಿ. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ಆದರೆ ಆಗುತ್ತೆ ಎಂಬ ಪಾಠವನ್ನು ಬೀದಿ ವ್ಯಾಪಾರಿಯಿಂದ ಕಲಿತದ್ದಾಗಿ ಹಂದೆ ಹೇಳುತ್ತಾರೆ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೂ ಸಾಲದ ಕಂತಿನ ವಿಡಿಯೋವನ್ನು ಯಾರು ಫಾರ್ವರ್ಡ್ ಮಾಡ್ತಾರೆ, ಹೇಳಿ?

ನಾನೇ ಊರಿಗೆ ಕಳಿಸಿದ್ದ ಒಂದು ಚಂದದ ದೀಪ ಈಗ ಅಟ್ಟದ ಮೇಲಿದೆ. ಅಮ್ಮ ಫೋನಲ್ಲಿ ಕೇಳಿದ್ದು ಒಂದೇ: “ಇದನ್ನ ಇಲ್ಲಿ ಯಾರ ಹತ್ರ ರಿಪೇರಿ ಮಾಡಿಸೋದು ಮಗಾ?” ಇಷ್ಟು ಓದಿದ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಲ ಇಂಥ ವಿಡಿಯೋ ಬಂದಾಗ, ಮೆಚ್ಚುವ ಮೊದಲು ನೀವೂ ಅದನ್ನೇ ಕೇಳಿ.