ಶಾಸನಪಾಠದ ಱ, ೞ: ಒಂದು ಕೈಪಿಡಿಯ ವಿಮರ್ಶೆ

ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ ಬೌರಿಂಗ್‌ಪೇಟೆ, ಎಂದರೆ ಇಂದಿನ ಬಂಗಾರಪೇಟೆ, ತಾಲ್ಲೂಕಿನ ಶಾಸನಗಳಿವೆ. ಇಂತಹ ಪಾಠಗಳನ್ನು ಎಕ್ಸ್‌ಎಂಎಲ್ ಕಡತಗಳಾಗಿಸಲು ಪೈಥಾನಿನ ಎಲಿಮೆಂಟ್‌ಟ್ರೀ ಎಂಬ ಲೈಬ್ರರಿ ಒದಗುತ್ತದೆ. ಬೇರೆ ಸೂಚನೆಯಿಲ್ಲದಿದ್ದರೆ ಕಡತವು ಆಸ್ಕಿ ಸಂಕೇತದಲ್ಲಿರುವುದೆಂದು ಅದರ ಕೈಪಿಡಿ ತಿಳಿಸುತ್ತದೆ; ಆಗ ಕನ್ನಡಾಕ್ಷರಗಳ ಗತಿಯೇನೆಂದು ವಿವರಿಸುವುದಿಲ್ಲ. ಇದನ್ನು ನಾವು ಸಣ್ಣ ಲೋಪವೆಂದು ಎಣಿಸಲಾರೆವು. ಪ್ರತಿಯೊಂದು ಅಕ್ಷರವೂ ಅಂಕೆಯ ಗುರುತಾಗುತ್ತದೆ: ೞಕಾರವು &#3294;, ಱಕಾರವು &#3249;. ಯಂತ್ರಕ್ಕೆ ನಷ್ಟವಿಲ್ಲ, ಮರಳಿ ಓದಿದಾಗ ಅದೇ ಅಕ್ಷರ ದೊರೆಯುತ್ತದೆ. ಆದರೆ ಕರಡು ತಿದ್ದುವವರ ಪಾಡೇನು? ಹಳಗನ್ನಡ ಶಾಸನದ ಕಾಲವಿಚಾರದಲ್ಲಿ ೞ-ಳ, ಱ-ರ ಭೇದವು ಒಂದು ಆಧಾರ. ಅಂಕೆಗಳ ಸಾಲಿನಲ್ಲಿ ಅದು ಕಣ್ಣಿಗೆ ಬೀಳದು. (ಯೂನಿಕೋಡು ೞಕಾರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರಿಟ್ಟುದು ಬೇರೆಯ ಕಥೆ.) ಯುಟಿಎಫ್-8 ಎಂದು ಸೂಚಿಸಿದರೆ ಅಕ್ಷರಗಳು ಅಕ್ಷರಗಳಾಗಿಯೇ ಉಳಿಯುತ್ತವೆ.