ಚಿತ್ರವಾದ ಅಕ್ಷರ: ವ್ಯಾಪಾರಿ ಮಿಂಚಂಚೆ ಮತ್ತು ಗಡಿಯ ಓದುಗ

ವ್ಯಾಪಾರಿ ಮಿಂಚಂಚೆಯನ್ನು ವಿಮರ್ಶೆಗೆ ತಕ್ಕ ಪಠ್ಯವೆಂದು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಆದರೆ ಒಂದು ಭಾಷೆ ಯಾವ ಕೆಲಸಗಳಿಗೆ ಬಳಕೆಯಾಗುತ್ತದೆ, ಎಲ್ಲಿ ಬರಿಯ ಅಲಂಕಾರವಾಗಿ ಉಳಿಯುತ್ತದೆ ಎಂಬುದು ಇಂತಹ ದಿನಬಳಕೆಯ ಬರಹಗಳಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ನವೆಂಬರ್ 1ರ ಸುಮಾರಿಗೆ ಬರುವ ಶುಭಾಶಯದ ಮಿಂಚಂಚೆಯ ಪರಿಚಿತ ಮಾದರಿಯೊಂದನ್ನು ಗಮನಿಸಬಹುದು. ಮೇಲೆ ಹಳದಿ-ಕೆಂಪು ಹಿನ್ನೆಲೆಯ ದೊಡ್ಡ ಚಿತ್ರ. ಅದರೊಳಗೆ ಅಂದವಾಗಿ ಬರೆದ ಕನ್ನಡ ಶುಭಾಶಯ. ಕೆಳಗೆ ರಿಯಾಯಿತಿಯ ವಿವರ, ಷರತ್ತು, ಕೊಂಡಿ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಹಾರೈಸುತ್ತದೆ, ಇಂಗ್ಲಿಷ್ ವ್ಯವಹರಿಸುತ್ತದೆ.

ಚಿತ್ರವಿದ್ದರೆ ಓದುಗರ ತೊಡಗಿಕೆ ಹೆಚ್ಚುತ್ತದೆ ಎಂಬುದು ಈ ವಿನ್ಯಾಸದ ಹಿಂದಿರುವ ನಂಬಿಕೆ. ಆದರೆ ಆ ತೊಡಗಿಕೆಯನ್ನು ಅಳೆಯುವ ಬಗೆಯನ್ನೇ ಮೊದಲು ಪರೀಕ್ಷಿಸಬೇಕು. ಮಿಂಚಂಚೆ ತೆರೆಯಲ್ಪಟ್ಟಿತೆಂಬುದನ್ನು ಕಳುಹಿಸಿದವರು ತಿಳಿಯುವುದು ಬಹುಮಟ್ಟಿಗೆ ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಗಾತ್ರದ ಚಿತ್ರದ ಮೂಲಕ. ಆ ಚಿತ್ರ ಸರ್ವರಿನಿಂದ ಇಳಿದರೆ ಓದುಗ ಪತ್ರ ತೆರೆದನೆಂದು ಲೆಕ್ಕ. ಚಿತ್ರಗಳನ್ನು ತಡೆಹಿಡಿದು ಅಕ್ಷರಗಳನ್ನಷ್ಟೇ ಪೂರ್ತಿಯಾಗಿ ಓದಿದವನು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇತ್ತ 2021ರಲ್ಲಿ ಆಪಲ್ ತಂದ ಖಾಸಗಿತನದ ವ್ಯವಸ್ಥೆಯು, ಅದನ್ನು ಒಪ್ಪಿಕೊಂಡ ಬಳಕೆದಾರ ಪತ್ರವನ್ನು ತೆರೆಯದಿದ್ದರೂ ಚಿತ್ರಗಳನ್ನು ಮುಂಚಿತವಾಗಿಯೇ ಇಳಿಸಿಕೊಳ್ಳುತ್ತದೆ. ಹೀಗೆ ಓದಿದವನು ಓದದವನಾಗಿಯೂ, ಓದದವನು ಓದಿದವನಾಗಿಯೂ ದಾಖಲಾಗುತ್ತಾರೆ. ಚಿತ್ರದ ಪರಿಣಾಮವನ್ನು ಚಿತ್ರದಿಂದಲೇ ಅಳೆಯುವ ಈ ಕ್ರಮ ತನ್ನ ಸುತ್ತ ತಾನೇ ತಿರುಗುತ್ತದೆ.

ಕೊಂಡಿಯನ್ನು ಒತ್ತಿದವರ ಎಣಿಕೆ ಇದಕ್ಕಿಂತ ನಂಬಲರ್ಹವೆನ್ನಬಹುದು. ಆದರೆ ಕೊಂಡಿಯ ಸುತ್ತಲಿನ ಮಾತೆಲ್ಲ ಇಂಗ್ಲಿಷಿನಲ್ಲಿದ್ದಾಗ, ಅದನ್ನು ಒತ್ತುವವನು ಹೆಚ್ಚಾಗಿ ಇಂಗ್ಲಿಷ್ ಬಲ್ಲವನೇ. ಆ ಎಣಿಕೆಯನ್ನು ಮುಂದಿಟ್ಟು ಕನ್ನಡಕ್ಕೆ ಶುಭಾಶಯದ ಚಿತ್ರವಷ್ಟೇ ಸಾಕೆಂದು ತೀರ್ಮಾನಿಸುವುದು, ಬಾಗಿಲು ಮುಚ್ಚಿ ಯಾರೂ ಒಳಬರಲಿಲ್ಲವೆಂದು ದೂರಿದಂತೆ.

ಕನ್ನಡದ ಅಕ್ಷರವನ್ನು ಚಿತ್ರವಾಗಿಸಲೇಬೇಕಾದ ಅನಿವಾರ್ಯತೆ ಇಂದು ಇಲ್ಲ. 1991ರ ಮೊದಲ ಆವೃತ್ತಿಯಲ್ಲಿಯೇ ಯುನಿಕೋಡ್ ಕನ್ನಡಕ್ಕೆ ಸ್ಥಾನ ನೀಡಿತ್ತು; 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಫಾಂಟ್ ಬಂದಿತು. ಈಗ ಉಳಿದಿರುವುದು ಅಂದದ ಪ್ರಶ್ನೆ. ಜಿಮೇಲ್‌ನಂತಹ ಸೇವೆಗಳು ಕಳುಹಿಸುವವರು ಜೋಡಿಸಿದ ಹೊರಗಿನ ಫಾಂಟುಗಳನ್ನು ಸಾಮಾನ್ಯವಾಗಿ ಬಳಸುವುದಿಲ್ಲವಾದ್ದರಿಂದ, ತನ್ನ ಇಷ್ಟದ ಲಿಪಿವಿನ್ಯಾಸವೇ ಬೇಕೆನ್ನುವ ವಿನ್ಯಾಸಕ ಅಕ್ಷರವನ್ನು ಚಿತ್ರವಾಗಿಸುತ್ತಾನೆ. ಆಗ ಆ ಅಕ್ಷರ ಹುಡುಕಿದರೆ ಸಿಗದು, ನಕಲಿಸಲು ಬಾರದು, ದೃಷ್ಟಿಹೀನರ ಸ್ಕ್ರೀನ್ ರೀಡರಿಗೆ ಕೇಳಿಸದು. ಪಠ್ಯವನ್ನು ಚಿತ್ರವಾಗಿ ನೀಡುವುದನ್ನು ಸಾಧ್ಯವಾದಷ್ಟು ಬಿಡಬೇಕೆಂದು 2008ರ ಜಾಲ ಸುಗಮ್ಯತೆಯ ಮಾರ್ಗಸೂಚಿ ವಿಧಿಸಿದೆ. ಚಿತ್ರ ಕಾಣದಿದ್ದಾಗ ಬರಬೇಕಾದ ಪರ್ಯಾಯ ಪಠ್ಯವೂ ಇಂಗ್ಲಿಷಿನಲ್ಲಿದ್ದರೆ, ಕನ್ನಡ ಆ ಪತ್ರದಿಂದ ಸಂಪೂರ್ಣವಾಗಿ ಮರೆಯಾಗುತ್ತದೆ.

ಇದರ ಭಾರ ಹೆಚ್ಚಾಗಿ ಬೀಳುವುದು ಗಡಿಯಾಚೆಯ ಕನ್ನಡಿಗನ ಮೇಲೆ. ಸೊಲ್ಲಾಪುರದಲ್ಲಿ ಮರಾಠಿಯಲ್ಲಿಯೋ ಕಾಸರಗೋಡಿನಲ್ಲಿ ಮಲಯಾಳದಲ್ಲಿಯೋ ಶಾಲೆ ಕಲಿತು, ಮನೆಯಲ್ಲಿ ಕನ್ನಡವಾಡುವ ತರುಣನೊಬ್ಬನನ್ನು ನೆನೆಯೋಣ. ಅವನಿಗೆ ಮಾತು ತನ್ನದು, ಲಿಪಿ ನಿಧಾನ. ಜೀವಂತ ಪಠ್ಯವಾದರೆ ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳೀತು, ಬಲ್ಲ ಲಿಪಿಗೆ ಬದಲಿಸಿಕೊಟ್ಟೀತು. ಚಿತ್ರದಿಂದ ಅಕ್ಷರವನ್ನು ಹೆಕ್ಕುವ ಉಪಕರಣಗಳೂ ಇವೆ. ಆದರೆ ಅದು ಕಳುಹಿಸಿದವನು ಮಾಡಬೇಕಾದ ಕೆಲಸವನ್ನು ಓದುಗನ ಮೇಲೆ ಹೇರಿದಂತೆ. ಮೇಲಾಗಿ, ವಿಳಾಸದ ರಾಜ್ಯವನ್ನು ನೋಡಿ ಭಾಷೆಯನ್ನು ಆರಿಸುವ ಕಡೆ ಅವನಿಗೆ ಈ ಕನ್ನಡ ಚಿತ್ರವೂ ತಲುಪದು. 1956ರ ಗಡಿರೇಖೆ ಹೀಗೆ ಅಂಚೆಪೆಟ್ಟಿಗೆಯೊಳಗೂ ಮತ್ತೊಮ್ಮೆ ಎಳೆಯಲ್ಪಡುತ್ತದೆ.

ಇದು ಚಿತ್ರದ ಮೇಲಿನ ಆಕ್ಷೇಪವಲ್ಲ. ಸೀರೆಯ ಅಂಚನ್ನು ನೂರು ಮಾತಿಗಿಂತ ಒಂದು ಚಿತ್ರ ಚೆನ್ನಾಗಿ ತೋರಿಸಬಲ್ಲದು. ಆನಂದವರ್ಧನನು ರಸಭಾವಗಳ ತಾತ್ಪರ್ಯವಿಲ್ಲದ ರಚನೆಯನ್ನು ‘ಚಿತ್ರ’ವೆಂದು ಕರೆದು, ಅದು ಕಾವ್ಯವಲ್ಲ, ಕಾವ್ಯದ ಅನುಕರಣೆ ಎಂದ. ಸಂದರ್ಭ ಬೇರೆಯಾದರೂ ಆ ವಿವೇಕ ಇಲ್ಲಿಯೂ ಸಲ್ಲುತ್ತದೆ: ಹೇಳಬೇಕಾದುದನ್ನು ಹೇಳದೆ ಭಾಷೆಯ ರೂಪವನ್ನಷ್ಟೇ ತೋರಿಸುವ ಪತ್ರ ಸಂವಹನದ ಅನುಕರಣೆ ಮಾತ್ರ.

ಪರಿಹಾರ ಕಷ್ಟವಾದುದಲ್ಲ. ಶುಭಾಶಯವೂ ಷರತ್ತೂ ಪಠ್ಯವಾಗಿಯೇ ಕನ್ನಡದಲ್ಲಿರಲಿ; ಪುಟದ ಸಂಕೇತದಲ್ಲಿ ಭಾಷೆ ಕನ್ನಡವೆಂದು ಸೂಚಿತವಾಗಲಿ; ಪರ್ಯಾಯ ಪಠ್ಯವೂ ಕನ್ನಡದಲ್ಲಿರಲಿ; ಭಾಷೆಯ ಆಯ್ಕೆಯನ್ನು ವಿಳಾಸದಿಂದ ಊಹಿಸದೆ ಓದುಗನನ್ನೇ ಕೇಳಲಿ. ಆ ಬಳಿಕವೇ ಕನ್ನಡ ಓದುಗನ ತೊಡಗಿಕೆಯನ್ನು ಅಳೆಯುವ ಮಾತಿಗೆ ಅರ್ಥ ಬರುತ್ತದೆ. ಅಲ್ಲಿಯವರೆಗೆ ನಾವು ಅಳೆಯುತ್ತಿರುವುದು ಕನ್ನಡವನ್ನು ನೋಡಿದವರನ್ನು, ಓದಿದವರನ್ನಲ್ಲ.