ಮ್ಯಾಂಡೊಲಿನ್ನಿನ ‘ಚಟ್’ ಕೇಳಿಸಿತೆ?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಗಣಪತಿ ಮೆರವಣಿಗೆಗಳಲ್ಲಿ ಬ್ಯಾಂಜೊ ಎಂದು ಕರೆಸಿಕೊಳ್ಳುವುದು ಟೈಪ್‌ರೈಟರಿನಂಥ ಕೀಲಿಗಳಿರುವ ಬುಲ್‌ಬುಲ್ ತರಂಗ. ಅಮೆರಿಕದ ಬ್ಲೂಗ್ರಾಸ್ ಸಂಗೀತದ ಬ್ಯಾಂಜೊ ಬೇರೆ: ದುಂಡನೆಯ ಬಳೆಗೆ ಬಿಗಿದ ಚರ್ಮ, ನೀಳವಾದ ಕತ್ತು, ಐದು ತಂತಿ. ಅದರ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಗುಲಾಮರಾಗಿ ಕಡಲು ದಾಟಿದವರ ನೆನಪಿನಲ್ಲಿ ಉಳಿದು ಅದು ಅಮೆರಿಕ ಸೇರಿತು.

ಬ್ಲೂಗ್ರಾಸ್ ಸಂಗೀತಕ್ಕೆ ಆ ಹೆಸರು ಬಂದದ್ದು ಒಂದು ತಂಡದಿಂದ. ಕೆಂಟಕಿಯ ರೋಸೀನ್ ಊರಿನ ಬಿಲ್ ಮನ್ರೋ ತಮ್ಮ ರಾಜ್ಯದ ಅಡ್ಡಹೆಸರನ್ನೇ ತಂಡಕ್ಕಿಟ್ಟು ‘ಬ್ಲೂ ಗ್ರಾಸ್ ಬಾಯ್ಸ್’ ಎಂದರು. 1939ರಲ್ಲಿ ನ್ಯಾಶ್‌ವಿಲ್‌ನ ರೇಡಿಯೊ ವೇದಿಕೆ ‘ಗ್ರ್ಯಾಂಡ್ ಓಲ್ ಆಪ್ರಿ’ ಏರಿದರು. 1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ಬಂದು ಸೇರಿದ ಮೇಲೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಂದ ಉರುಳುವ ಬ್ಯಾಂಜೊ ನಾದ ಈ ಸಂಗೀತದ ಗುರುತಾಯಿತು.

ಹೊಸಬರ ಕಿವಿ ನೇರವಾಗಿ ಬ್ಯಾಂಜೊದ ವೇಗಕ್ಕೆ ಸಿಕ್ಕಿಬೀಳುತ್ತದೆ. ನನ್ನ ಸಲಹೆ: ಒಂದು ಹಾಡಿನ ಮಟ್ಟಿಗೆ ಬ್ಯಾಂಜೊವನ್ನು ಮರೆತುಬಿಡಿ. ಸಾಂಪ್ರದಾಯಿಕ ತಂಡದಲ್ಲಿ ಡ್ರಮ್ಮು ಇರುವುದಿಲ್ಲ. ಹಾಗಾದರೆ ತಾಳ ಹಿಡಿಯುವವರು ಯಾರು? ಎತ್ತರದ ಬಾಸ್ ‘ಧುಂ’ ಎನ್ನುತ್ತದೆ. ಎರಡು ಧುಂಗಳ ನಡುವಿನ ಬಿಡುವಿನಲ್ಲಿ ಮ್ಯಾಂಡೊಲಿನ್ ‘ಚಟ್’ ಎನ್ನುತ್ತದೆ. ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿದ ಮರುಕ್ಷಣವೇ ಎಡಗೈ ಬೆರಳು ಸಡಿಲಿಸಿ ನಾದವನ್ನು ಅಡಗಿಸಿದಾಗ ಹುಟ್ಟುವ ಸದ್ದು ಅದು. ಹಾಡಿನುದ್ದಕ್ಕೂ ಅದನ್ನೇ ಹಿಂಬಾಲಿಸಿ. ಆಮೇಲೆ ಸ್ಕ್ರಗ್ಸ್ ಮತ್ತು ಅವರ ಜೊತೆಗಾರ ಲೆಸ್ಟರ್ ಫ್ಲ್ಯಾಟ್ 1949ರಲ್ಲಿ ಧ್ವನಿಮುದ್ರಿಸಿದ ‘ಫಾಗಿ ಮೌಂಟನ್ ಬ್ರೇಕ್‌ಡೌನ್’ ಕೇಳಿ. ಬ್ಯಾಂಜೊ ಮುಂದೆ ಬರುತ್ತದೆ, ನಂತರ ಪಿಟೀಲಿಗೆ ಸರದಿ. ಪಿಟೀಲು ನುಡಿಯುವಾಗ ಬ್ಯಾಂಜೊ ಏನು ಮಾಡುತ್ತಿದೆ? ಈ ಪ್ರಶ್ನೆಗೆ ಕಿವಿಯೇ ಉತ್ತರ ಕೊಟ್ಟ ದಿನ ನೀವು ಬ್ಲೂಗ್ರಾಸ್ ರಸಿಕರು. ಇನ್ನೊಬ್ಬರ ಸರದಿಯಲ್ಲಿ ಹೇಗೆ ನುಡಿಸುತ್ತಾರೆ ಎಂಬುದರಲ್ಲೇ ನಾನು ವಾದಕರನ್ನು ಅಳೆಯುವುದು.

ಈ ಗುಣ ವೇದಿಕೆಗಿಂತ ಎಲ್ಲರೂ ಕೂಡಿ ನುಡಿಸುವ ಜ್ಯಾಮ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಉತ್ಸವದ ಬಯಲಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುತ್ತಾರೆ. ಹಾಡು ಆರಿಸಿದವರು ಅದರ ಹೆಸರು, ಶ್ರುತಿ ಹೇಳುತ್ತಾರೆ. ಬಹಳಷ್ಟು ಹಾಡುಗಳಿಗೆ ಮೂರೇ ಕಾರ್ಡ್ (ಸ್ವರಗುಚ್ಛ) ಸಾಕು. ಗೊತ್ತಿಲ್ಲದವರು ಹಿಂದೆ ಕೂತು ಗಿಟಾರಿನವರ ಎಡಗೈ ನೋಡಿಕೊಂಡು ಸೇರಿಕೊಳ್ಳಬಹುದು. ಹಾಡುವವರ ದನಿ ಕೇಳಿಸುತ್ತಿಲ್ಲ ಎಂದರೆ ನಿಮ್ಮ ವಾದ್ಯದ ಸದ್ದು ಜಾಸ್ತಿಯಾಗಿದೆ ಎಂದರ್ಥ. ಸರದಿ ಸುತ್ತಿಬರುವಾಗ ಕಣ್ಣಿನಲ್ಲೇ ಕೇಳುತ್ತಾರೆ. ಬೇಡವೆಂದರೆ ತಲೆಯಾಡಿಸಿದರಾಯಿತು, ಯಾರೂ ಬೇಸರಪಡುವುದಿಲ್ಲ. ಮುಗಿಸುವ ಹೊತ್ತಿಗೆ ಹಾಡಿನವರು ಒಂದು ಕಾಲೆತ್ತುತ್ತಾರೆ. ಪರಸ್ಪರ ಹೆಸರು ಕೇಳುವ ಮೊದಲೇ ಇಬ್ಬರು ಹತ್ತು ಸಲ ಕಣ್ಣಲ್ಲಿ ಕಣ್ಣಿಟ್ಟು ಒಪ್ಪಿಗೆ ಕೇಳಿರುತ್ತಾರೆ, ಕೊಟ್ಟಿರುತ್ತಾರೆ. ಇಲ್ಲಿನ ಸ್ನೇಹಗಳು ಗಟ್ಟಿಯಾಗುವುದು ಹೀಗೆ.

ಮನೆಯಿಂದ ದೂರ ಕಳಿಸಲ್ಪಟ್ಟ ಸೈನಿಕರಿಗೆ ಈ ಸಂಗೀತ ಒಗ್ಗುವುದೂ ಇದೇ ಕಾರಣಕ್ಕೆ. ಕರೆಂಟು ಬೇಡ, ಆಂಪ್ಲಿಫೈಯರ್ ಬೇಡ. ಬೇರೆ ಬೇರೆ ಊರುಗಳಿಂದ ಬಂದವರಿಗೂ ಒಂದಷ್ಟು ಹಾಡುಗಳು ಸಮಾನವಾಗಿ ಗೊತ್ತಿರುತ್ತವೆ. ಸೇನೆಯ ನಂಟು ಹಳೆಯದು: ಆಸ್‌ಬಾರ್ನ್ ಬ್ರದರ್ಸ್ ತಂಡದ ಬಾಬಿ ಆಸ್‌ಬಾರ್ನ್ ಕೊರಿಯಾ ಯುದ್ಧದಲ್ಲಿ ಮರೀನ್ ಸೈನಿಕರಾಗಿ ಗಾಯಗೊಂಡವರು. ಅಮೆರಿಕದ ನೌಕಾಪಡೆಗೆ ‘ಕಂಟ್ರಿ ಕರೆಂಟ್’ ಎಂಬ ತನ್ನದೇ ತಂಡವಿದೆ. ‘ಕಂಟ್ರಿ ಜೆಂಟಲ್‌ಮೆನ್’ ತಂಡದ ಹೆಸರಾಂತ ಬ್ಯಾಂಜೊ ವಾದಕ ಬಿಲ್ ಎಮರ್ಸನ್ 1973ರಲ್ಲಿ ನೌಕಾಪಡೆ ಸೇರಿ, ಆ ತಂಡದಲ್ಲಿ ಇಪ್ಪತ್ತು ವರ್ಷ ನುಡಿಸಿದರು. ಮಿನ್ನೆಸೋಟದ ಫರ್ಗಸ್ ಫಾಲ್ಸ್‌ನ ‘ಆಪರೇಷನ್ ಹ್ಯಾಪಿ ನೋಟ್’ ದೂರದ ನೆಲೆಗಳಲ್ಲಿರುವ ಸೈನಿಕರಿಗೆ ಉಚಿತವಾಗಿ ವಾದ್ಯಗಳನ್ನು ಕಳಿಸಿತು.

ಅಂಥ ಪೊಟ್ಟಣದಲ್ಲಿ ವಾದ್ಯವಷ್ಟೇ ಇದ್ದರೆ ಸಾಲದು ಎನ್ನುವುದು ನನ್ನ ಅಭಿಪ್ರಾಯ. ಒಣಹವೆಗೆ ಮರ ಕುಗ್ಗಿ ಬಿರುಕು ಬಿಡುತ್ತದೆ, ಬೆವರಿಗೆ ತಂತಿ ತುಕ್ಕು ಹಿಡಿಯುತ್ತದೆ. ಹೆಚ್ಚುವರಿ ತಂತಿಗಳು, ಪೆಟ್ಟಿಗೆಯೊಳಗೆ ತೇವ ಕಾಯುವ ಸಣ್ಣ ಸಾಧನ, ಊರಿನ ಜ್ಯಾಮ್‌ನಲ್ಲಿ ಈ ತಿಂಗಳು ನುಡಿಸಿದ ಹಾಡುಗಳ ಪಟ್ಟಿ ಇವನ್ನೂ ಇಡಬೇಕು. ಅಲ್ಲಿ ಅವರು ಅವನ್ನೇ ಅಭ್ಯಾಸ ಮಾಡಲಿ.

ಅಮೆರಿಕದಲ್ಲಿರುವ ಕನ್ನಡಿಗರು ಹತ್ತಿರದ ಜ್ಯಾಮ್‌ಗೆ ಬರಿಗೈಯಲ್ಲೇ ಹೋಗಿ ಕೂತು ಕೇಳಬಹುದು. ಅಲ್ಲಿಗೆ ರಜೆಯ ಮೇಲೆ ಬಂದ ಸೈನಿಕರೊಬ್ಬರು ಮ್ಯಾಂಡೊಲಿನ್ ಹಿಡಿದು ಬಂದರೆ ಗಮನಿಸಿ. ತಿಂಗಳುಗಟ್ಟಲೆ ಜೊತೆಗೂಡಿ ನುಡಿಸುವ ರೂಢಿ ತಪ್ಪಿದ ಬೆರಳುಗಳು ವೇಗಕ್ಕೆ ಸಿಗುವುದಿಲ್ಲ. ಯಾರೂ ಏನೂ ಹೇಳದೆಯೇ ಹಾಡಿನ ನಡೆ ಸ್ವಲ್ಪ ನಿಧಾನವಾಗುತ್ತದೆ, ಬಾಸ್ ಅವರತ್ತ ವಾಲುತ್ತದೆ. ಮೂರನೆಯ ಸುತ್ತಿಗೆ ‘ಚಟ್’ ತನ್ನ ಜಾಗಕ್ಕೆ ಬಂದು ಕೂತಿರುತ್ತದೆ.